‘ಎಷ್ಟು ಹೆಚ್ಚು?’ ಅಂದರೆ ಮಕ್ಕಳು ಯಾಕೆ ಕೂಡುತ್ತಾರೆ

ಸಕಲೇಶಪುರದ ಕಡೆ, ಕಾಫಿ ತೋಟಗಳ ನಡುವಿನ ಸರ್ಕಾರಿ ಶಾಲೆಯೊಂದರಲ್ಲಿ ನಾನು ಐದನೇ ತರಗತಿ ನೋಡಿಕೊಳ್ಳುತ್ತೇನೆ. 2023ರ ಮಾರ್ಚ್ 27ಕ್ಕೆ ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ಶುರುವಾಯಿತಲ್ಲ, ಅದಕ್ಕೆ ಮುಂಚಿನ ಎರಡು ತಿಂಗಳು ನಾನು ಪಾಠ ಮಾಡಲೇ ಇಲ್ಲ ಅನ್ನಬಹುದು. ಮಾದರಿ ಪ್ರಶ್ನೆಪತ್ರಿಕೆ ಒಂದಾದ ಮೇಲೊಂದು ಬಿಡಿಸಿದೆ. ಮಕ್ಕಳು ಉತ್ತರ ಬಾಯಿಪಾಠ ಮಾಡಿದರು. ಅಲ್ಲಿ ಯಾರನ್ನೂ ಫೇಲ್ ಮಾಡುವಂತಿರಲಿಲ್ಲ ನಿಜ, ಆದರೂ ಗಣಿತದ ಫಲಿತಾಂಶ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಪ್ರಶ್ನೆಯಲ್ಲಿ ಹೆಸರು, ಅಂಕಿ ಬದಲಾದದ್ದೇ ತಡ, ನನ್ನ ಎರಡು ತಿಂಗಳ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು.

ಜೂನ್‌ನಲ್ಲಿ ಹೊಸ ಐದನೇ ತರಗತಿ, 14 ಮಕ್ಕಳು. ಮೊದಲ ವಾರವೇ 20 ಪ್ರಶ್ನೆಗಳ ಪತ್ರಿಕೆ ಕೊಟ್ಟೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಈ ಸಲ ಅಂಕ ಹಾಕಲಿಲ್ಲ. ಬಿಸಿಯೂಟ ಮುಗಿದ ಮೇಲೆ ದಿನಕ್ಕೆ ಒಂದಿಬ್ಬರನ್ನು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಅವರ ಹಾಳೆ ಮುಂದಿಟ್ಟು, ತಪ್ಪಾದ ಪ್ರಶ್ನೆ ಜೋರಾಗಿ ಓದಿಸಿದೆ. ‘ಇದನ್ನ ಯಾಕೆ ಆರಿಸಿದೆ ಪುಟ್ಟಿ?’ ಅಂತ ಕೇಳಿ ಸುಮ್ಮನಾದೆ. ಆ ಸುಮ್ಮನಿರುವುದೇ ನನಗೆ ಬಹಳ ಕಷ್ಟವಾಯಿತು. ಮಗು ತಡವರಿಸಿದರೆ ಹೇಳಿಕೊಟ್ಟುಬಿಡುವುದು ನಮ್ಮ ಚಾಳಿ.

ಒಬ್ಬ ಹುಡುಗಿಯ ಹಾಳೆಯಲ್ಲಿ ಹೀಗಿತ್ತು: ‘ಒಬ್ಬರ ಬಳಿ 62, ಇನ್ನೊಬ್ಬರ ಬಳಿ 47. ಮೊದಲಿನವರ ಬಳಿ ಎಷ್ಟು ಹೆಚ್ಚು ಇವೆ?’ ಅವಳು 109ಕ್ಕೆ ಗುರುತು ಹಾಕಿದ್ದಳು. ಯಾಕೆ ಅಂದರೆ, ‘ಹೆಚ್ಚು ಅಂತ ಇದೆಯಲ್ಲ ಮಿಸ್, ಕೂಡಬೇಕು.’ ಅವಳ ತಾಯಿ ಕಾಫಿ ಹಣ್ಣು ಕೊಯ್ಯುವವರು, ವಾಸ ತೋಟದ ಕೂಲಿಮನೆಗಳ ಸಾಲಿನಲ್ಲಿ, ಅದನ್ನೇ ‘ಲೈನ್’ ಅನ್ನುತ್ತಾರೆ. ಯಾರು ಎಷ್ಟು ಕೆ.ಜಿ. ಕೊಯ್ದರೆಂದು ಸಂಜೆ ತೂಕದ ಹೊತ್ತಿಗೆ ತೋಟದ ಲೆಕ್ಕ ನೋಡುವ ರೈಟರ್ ಬರೆದುಕೊಳ್ಳುತ್ತಾರೆ. ‘ನಿಮ್ಮಮ್ಮ 62 ಕೆ.ಜಿ. ಕೊಯ್ದ್ರು, ಪಕ್ಕದ ಲೈನಿನ ಅಕ್ಕ 47. ಯಾರದು ಎಷ್ಟು ಜಾಸ್ತಿ?’ ಎಂದೆ. ಪೆನ್ಸಿಲ್ ಮುಟ್ಟದೆ, ‘ಹದಿನೈದು ಕೆ.ಜಿ., ನಮ್ಮಮ್ಮಂದು’ ಎಂದಳು. ಹೋದ ವರ್ಷ ಇಂಥ ಮಕ್ಕಳಿಗೇ ನಾನು ಕಳೆಯುವ ಲೆಕ್ಕ ನೂರು ಸಲ ಮಾಡಿಸಿದ್ದೆ. ಅವರಿಗೆ ಬರುವುದನ್ನೇ ಮತ್ತೆ ಮತ್ತೆ ಕಲಿಸಿದ್ದೆ.

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಒಂದು ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಆಸ್ಟ್ರೇಲಿಯಾದ ಶಿಕ್ಷಣ ಸಂಶೋಧಕಿ ಆನ್ ನ್ಯೂಮನ್ 1970ರ ದಶಕದಲ್ಲಿ ಗುರುತಿಸಿದ ಐದು ಹಂತಗಳ ಬಗ್ಗೆ ಕೇಳಿದ್ದೆ. ಲಿಖಿತ ಲೆಕ್ಕದಲ್ಲಿ ಮಗು ಪ್ರಶ್ನೆ ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಯಾವ ಲೆಕ್ಕವೆಂದು ತೀರ್ಮಾನಿಸಬೇಕು, ಲೆಕ್ಕ ಮಾಡಬೇಕು, ಕೊನೆಗೆ ಉತ್ತರ ಬರೆಯಬೇಕು. ಅಂದು ಟಿಪ್ಪಣಿ ಬರೆದು ಮರೆತಿದ್ದೆ. ಈಗ ಉದ್ದ ನೋಟ್‌ಬುಕ್ಕಿನಲ್ಲಿ ಐದು ಕಲಂ ಎಳೆದು ಪ್ರತಿ ತಪ್ಪನ್ನೂ ಅದು ಸೇರುವ ಕಲಮ್ಮಿಗೆ ಹಾಕುತ್ತಾ ಹೋದೆ. ಮೊದಲ ಮೂರು ಕಲಂ ತುಂಬಿಹೋದವು. ನಾಲ್ಕನೆಯದರಲ್ಲಿ ಇದ್ದದ್ದು ಹೆಚ್ಚಾಗಿ ಒಂದೇ ಬಗೆಯ ತಪ್ಪು: 205ರಲ್ಲಿ 78 ಕಳೆದರೆ 273. ಐದರಲ್ಲಿ ಎಂಟು ಹೋಗದು, ಹಾಗಾಗಿ ಎಂಟರಲ್ಲಿ ಐದು ಕಳೆದರು. ಸೊನ್ನೆಯಲ್ಲಿ ಏಳು ಹೋಗದು, ಏಳನ್ನೇ ಇಳಿಸಿದರು. 205ಕ್ಕಿಂತ ಉತ್ತರ ದೊಡ್ಡದಾಯಿತಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಬಹು ಆಯ್ಕೆಯ ತಪ್ಪು ಉತ್ತರಗಳನ್ನು ಮಕ್ಕಳು ಎಡವುವ ಇಂಥ ಜಾಗ ನೋಡಿಯೇ ಇಡುವುದು ವಾಡಿಕೆ. ಮಗು ಆರಿಸಿದ ತಪ್ಪು ಆಯ್ಕೆ ನನಗೆ ಅಂಕಕ್ಕಿಂತ ಹೆಚ್ಚು ವಿಷಯ ಹೇಳತೊಡಗಿತು.

273ರ ಮಕ್ಕಳಿಗೆ ಪೊರಕೆ ಕಡ್ಡಿ ಮುರಿದು ಹತ್ತರ ಕಟ್ಟು, ಹತ್ತು ಕಟ್ಟು ಸೇರಿಸಿ ನೂರರ ಕಟ್ಟು ಮಾಡಿಸಿದೆ. ನೂರರ ಕಟ್ಟು ಬಿಚ್ಚದೆ ಬಿಡಿ ಕಡ್ಡಿ ಸಿಗುವುದಿಲ್ಲ ಎಂಬುದು ಕೈಗೆ ಗೊತ್ತಾಗಲು ಎರಡು ವಾರ ಹಿಡಿಯಿತು.

ಉಳಿದವರಿಗೆ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಒಂದೇ ಪ್ರಶ್ನೆ. ಲೆಕ್ಕ ಮಾಡುವಂತಿಲ್ಲ. ಓದಬೇಕು, ಏನು ನಡೆದಿದೆ ಎಂದು ತಮ್ಮ ಮಾತಿನಲ್ಲಿ ಹೇಳಬೇಕು. ಮನೆಯಲ್ಲಿ ತಮಿಳು ಆಡುವವರು ಮೊದಲು ತಮ್ಮತಮ್ಮಲ್ಲೇ ತಮಿಳಿನಲ್ಲಿ ಹೇಳಿಕೊಂಡು ಆಮೇಲೆ ಕನ್ನಡಕ್ಕೆ ಬರುತ್ತಿದ್ದರು. ನಾನು ತಡೆಯಲಿಲ್ಲ. ಇದು ಸರಿಯೆಂದೇ ಈಗಲೂ ನಂಬಿದ್ದೇನೆ. ‘ಹೆಚ್ಚು’ ಪದವಿರುವ ಪ್ರಶ್ನೆ ಎರಡು ಬಗೆಯಲ್ಲಿ ಬರೆಯುತ್ತಿದ್ದೆ, ಒಂದರಲ್ಲಿ ಕೂಡಬೇಕು, ಇನ್ನೊಂದರಲ್ಲಿ ಕಳೆಯಬೇಕು. ಜಗಳವೇ ಆಗುತ್ತಿತ್ತು. ಪರಿಸರ ಅಧ್ಯಯನದಲ್ಲಿ ‘ಯಾವುದು ಸರಿಯಲ್ಲ’ ಎಂದಿದ್ದರೆ ಸರಿಯಾದದ್ದನ್ನೇ ಆರಿಸಿ ಬರುತ್ತಿದ್ದರು. ‘ಅಲ್ಲ’, ‘ಇಲ್ಲ’ ಕಂಡ ಕೂಡಲೇ ಸುತ್ತ ಗೆರೆ ಎಳೆಯುವ ಅಭ್ಯಾಸ ಮಾಡಿಸಿದೆ. ವೃತ್ತಕ್ಕೆ ಶಾಯಿ ತುಂಬುವ ಓಎಂಆರ್ ಅಭ್ಯಾಸಕ್ಕೆ ಒಂದೇ ಪೀರಿಯಡ್ ಕೊಟ್ಟೆ, ಅಷ್ಟು ಸಾಕಾಯಿತು.

ನಮ್ಮ ಕಡೆ ಕಾಲವೂ ಒಂದು ಕಷ್ಟ. ಜುಲೈನಲ್ಲಿ ಮಳೆಗೆ ರಜೆ. ದಾರಿಯಲ್ಲಿ ಆನೆ ಇದೆ ಎಂದು ಮೆಸೇಜ್ ಬಂದ ದಿನ ಅರ್ಧ ತರಗತಿ ಖಾಲಿ. ನವೆಂಬರ್‌ನಿಂದ ಕಾಫಿ ಕೊಯ್ಲು. ಮಕ್ಕಳ ಕಲಿಕೆ ಅಳೆಯಲು ದೇಶದಾದ್ಯಂತ ಮಾಡುವ ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆದದ್ದು 2021ರ ನವೆಂಬರ್ 12ರಂದು, ಅದೇ ಬಗೆಯ ಪರಖ್ ಸರ್ವೇಕ್ಷಣ 2024ರ ಡಿಸೆಂಬರ್ 4ರಂದು. ಎರಡೂ ಕೊಯ್ಲಿನ ಹೊತ್ತಿಗೇ. ಆಗ ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳಲು ಲೈನಿನಲ್ಲೇ ಉಳಿಯುತ್ತಾರೆ. ಬಟವಾಡೆಯ ಸಂಜೆ ಲೈನಿಗೆ ಹೋಗಿ ತಾಯಂದಿರ ಹತ್ತಿರ ಮಾತಾಡಿದೆ. ‘ಕೂಸನ್ನ ಯಾರು ನೋಡ್ಕೋತಾರೆ ಮಿಸ್?’ ಎಂದು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಕೂಸನ್ನೂ ಜೊತೆಗೇ ಕಳಿಸಿ ಎಂದೆ. 2023ರ ಆ ಚಳಿಗಾಲ ತರಗತಿಯ ಮೂಲೆಯ ಚಾಪೆಯಲ್ಲಿ ಮೂವರು ಪುಟಾಣಿಗಳಿದ್ದರು. ಗಲಾಟೆ ಇತ್ತು, ಆದರೆ ಅಕ್ಕಂದಿರು ಶಾಲೆಗೆ ಬಂದರು.

2024ರ ಮಾರ್ಚ್ 11ಕ್ಕೆ ಶುರುವಾದ ರಾಜ್ಯಮಟ್ಟದ ಪರೀಕ್ಷೆ ನ್ಯಾಯಾಲಯದ ಆದೇಶದಿಂದ ನಿಂತು, 25ಕ್ಕೆ ಮತ್ತೆ ನಡೆಯಿತು. ಆಮೇಲೆ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಹಾಗಾಗಿ ನನ್ನ ಬಳಿ ಉಳಿದ ಲೆಕ್ಕ ಆ ಉದ್ದ ನೋಟ್‌ಬುಕ್ಕಿನದು ಮಾತ್ರ. ಜೂನ್‌ನ ಅದೇ ಬಗೆಯ ಪತ್ರಿಕೆಯನ್ನು ಅಂಕಿ ಬದಲಿಸಿ ಫೆಬ್ರವರಿ ಮೊದಲ ವಾರ ಕೊಟ್ಟಿದ್ದೆ. ‘ಎಷ್ಟು ಹೆಚ್ಚು’ ಪ್ರಶ್ನೆಗೆ ಜೂನ್‌ನಲ್ಲಿ ಕೂಡಿದವರು 11 ಮಂದಿ, ಫೆಬ್ರವರಿಯಲ್ಲಿ ಮೂವರು.

ಆ ಮೂವರಲ್ಲಿ ಒಬ್ಬ ಹುಡುಗನ ಅಪ್ಪ ಅಮ್ಮ ಅದೇ ತಿಂಗಳು ಮೂಡಿಗೆರೆ ಕಡೆಯ ತೋಟಕ್ಕೆ ಹೊರಟರು. ವರ್ಗಾವಣೆ ಪತ್ರದ ಜೊತೆ ಅವನ ಮುಂದಿನ ಶಿಕ್ಷಕರಿಗೆ ಒಂದು ಚೀಟಿ ಬರೆದಿಟ್ಟೆ: ‘ಇವನಿಗೆ ಕಳೆಯಲು ಬರುತ್ತದೆ. ಒತ್ತಕ್ಷರ ಬಂದರೆ ಹಾರಿಸಿ ಓದುತ್ತಾನೆ. ದಯವಿಟ್ಟು ಪ್ರಶ್ನೆಯನ್ನು ಜೋರಾಗಿ ಓದಿಸಿ, ಸ್ವಲ್ಪ ಕಾಯಿರಿ.’