ನಾಯಿಗೆ ಒಣತಿಂಡಿ: ಸ್ವಾತಿ ಮಳೆಯಲ್ಲೂ ಒಣಗಿಸಿದ ನನ್ನ ಅನುಭವ

ಸಂಕ್ರಾಂತಿಗೆ ಮೊದಲು ತೀರ್ಥಹಳ್ಳಿ ಕಡೆ ಹಪ್ಪಳವೇ ನೆಟ್ಟಗೆ ಒಣಗುವುದಿಲ್ಲ, ಇನ್ನು ಕೋಳಿ ಮಾಂಸ ಒಣಗುತ್ತದೆಯೇ ಎಂದು ಕೇಳಿದವರೇ ಹೆಚ್ಚು. ಚಿತ್ತ, ಸ್ವಾತಿ ಎರಡೂ ಮಳೆಯ ನಡುವೆ ಒಣಗಿಸಿದ ಮಾಲು ಮೂರು ತಿಂಗಳು ಕಳೆದರೂ ಬೂಷ್ಟು ಹಿಡಿಯದೆ ಡಬ್ಬಿಯಲ್ಲಿದೆ. ಮುರಿದರೆ ಲಟ್ ಎನ್ನುತ್ತದೆ. ಅಂಗಡಿಯ ಪ್ಯಾಕೆಟ್ ಮೂಸಿ ಬಿಟ್ಟುಹೋಗುವ ನಾಯಿಗಳೂ ಇದನ್ನು ಬಿಡುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಬಿಸಿಲನ್ನು ನಂಬಬೇಡಿ. ಅಕ್ಟೋಬರಿನ ಬಿಸಿಲು ಚುರುಕಾಗಿಯೇ ಇರುತ್ತದೆ, ಆದರೆ ಮಧ್ಯಾಹ್ನ ಮೂರಕ್ಕೆ ಮೋಡ, ನಾಲ್ಕಕ್ಕೆ ಗುಡುಗು, ರಾತ್ರಿ ಇಬ್ಬನಿ. ಹಗಲು ಬಿಟ್ಟ ನೀರನ್ನು ಮಾಂಸ ರಾತ್ರಿ ಮತ್ತೆ ಕುಡಿಯುತ್ತದೆ. ಅದಕ್ಕಿಂತ ಮುಖ್ಯ, ಮನೆಯ ಅಡಿಕೆ ಅಟ್ಟವನ್ನೋ ಡ್ರೈಯರನ್ನೋ ಇದಕ್ಕೆ ಬಳಸಲೇಬೇಡಿ. 'ಹೇಗೂ ಬೆಂಕಿ ಹಾಕಿದ್ದೀರಲ್ಲ, ಅದರಲ್ಲೇ ಒಂದು ತಟ್ಟೆ ಇಡಿ' ಎಂದು ಹೇಳುವವರು ಇರುತ್ತಾರೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ನಾಯಿಗೆ ಜೊಲ್ಲು, ವಾಂತಿ, ಭೇದಿ ತರಿಸುತ್ತದೆ. ಹಿಂದೆ ನಾಯಿಗಳ ಲಾಡಿಹುಳಕ್ಕೆ ಅದನ್ನೇ ಔಷಧಿಯಾಗಿ ಕೊಡುತ್ತಿದ್ದರು. ಚೊಗರು (ಅಡಿಕೆ ಬೇಯಿಸಿದ ಕಂದು ನೀರು) ಹಿಡಿದ ತಟ್ಟೆಯ ಹತ್ತಿರವೂ ಈ ತಿಂಡಿ ಸುಳಿಯಬಾರದು.

ಒಣಗಿಸಲು ನನ್ನದು ಹಳೆಯ ಗಿಡ್ಡ ಕಬ್ಬಿಣದ ಬೀರು. ಒಳಗಿನ ಬಣ್ಣ ಪೂರ್ತಿ ಉಜ್ಜಿ ತೆಗೆದು, ಕೆಳಗೆ 1000 ವಾಟಿನ ಫಿನ್ ಹೀಟರ್, ಮೇಲೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್, ಕೆಳಗಡೆ ಗಾಳಿ ಒಳಬರಲು ಜಾರುವ ಬಾಗಿಲು. ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಹಾಕುವ ಚಿಕ್ಕ ಡಿಜಿಟಲ್ ಥರ್ಮೋಸ್ಟಾಟ್ ಸಾಕು, ಆದರೆ ಅದರ ರಿಲೇಗೆ (ಒಳಗಿನ ಚಿಕ್ಕ ಸ್ವಿಚ್ಚಿಗೆ) ಹೀಟರನ್ನು ನೇರ ಕೊಡಬೇಡಿ; ಗಂಟೆಗಟ್ಟಲೆ ಓಡಿದರೆ ಪಾಯಿಂಟು ಅಂಟಿಕೊಂಡು ಹೀಟರ್ ಆಫ್ ಆಗುವುದೇ ಇಲ್ಲ. ನಡುವೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆಯುವ ಸ್ವಿಚ್ಚು) ಹಾಕಿಸಿ, ಅರ್ತಿಂಗ್ ಮರೆಯಬೇಡಿ. ತಟ್ಟೆಗೆ ಸ್ಟೀಲ್ ಜಾಲರಿಯೇ ಬೇಕು, ಸತು ಬಳಿದ ಜಾಲರಿ ಬೇಡ. ಎಲ್ಲ ಸೇರಿ ಐದೂವರೆ ಸಾವಿರದ ಆಸುಪಾಸು, ಅದರಲ್ಲಿ ಜಾಲರಿಯದೇ ದೊಡ್ಡ ಪಾಲು.

ಹೊರಗೆ ಮಳೆ ಸುರಿಯುವಾಗ ಇದು ಹೇಗೆ ಒಣಗಿಸುತ್ತದೆ ಎನ್ನುವವರಿಗೆ ಒಂದೇ ಲೆಕ್ಕ. 24 ಡಿಗ್ರಿಯ, ಶೇ 95 ತೇವದ ಗಾಳಿಯನ್ನು 65 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇ 11ರ ಹತ್ತಿರ ಬಂದು ನಿಲ್ಲುತ್ತದೆ. ಒಣಗಿಸಲು ಮಳೆ ಅಡ್ಡಿಯೇ ಅಲ್ಲ. ಮಳೆ ಕೆಡಿಸುವುದು ಹೊರಗೆ ತೆಗೆದ ಮೇಲೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೋಳಿ: ಬೋನ್‌ಲೆಸ್ ಎದೆ ಮಾಂಸ, ಚರ್ಮ ಮತ್ತು ಹಳದಿ ಕೊಬ್ಬು ಪೂರ್ತಿ ತೆಗೆದದ್ದು. ಕೊಬ್ಬು ಒಣಗುವುದಿಲ್ಲ, ಕಮಟು ಹಿಡಿಯುತ್ತದೆ. ಫ್ರೀಜರಿನಲ್ಲಿ ಎರಡು ಗಂಟೆ ಇಟ್ಟು ಅರೆ ಗಟ್ಟಿಯಾದಾಗ 5 ಮಿ.ಮೀ. ದಪ್ಪಕ್ಕೆ ಕೊಯ್ಯಿರಿ. ನಾರಿನ ಉದ್ದಕ್ಕೆ ಕೊಯ್ದರೆ ನಾಯಿ ಹೆಚ್ಚು ಹೊತ್ತು ಅಗಿಯುತ್ತದೆ, ಅಡ್ಡ ಕೊಯ್ದರೆ ಮುರಿಯಲು ಸುಲಭ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಮೊದಲು ಬಿಸಿನೀರಿನಲ್ಲಿ ಬೇಯಿಸುವುದು ಕಡ್ಡಾಯ: ತುಂಡಿನ ನಡುಭಾಗ 74 ಡಿಗ್ರಿ ಮುಟ್ಟಬೇಕು, ಈ ದಪ್ಪಕ್ಕೆ ಸಣ್ಣ ಕುದಿಯಲ್ಲಿ 4-5 ನಿಮಿಷ. ಹಸಿ ಮಾಂಸವನ್ನೇ ಒಣಗಿಸಿದರೆ ನೀರು ಆರುತ್ತಾ ಮೇಲ್ಮೈ ತಣ್ಣಗೇ ಉಳಿಯುತ್ತದೆ, ಸಾಲ್ಮೊನೆಲ್ಲಾ ಎಂಬ ರೋಗಾಣು ಒಣ ತುಂಡಿನಲ್ಲೂ ಬದುಕಿರುತ್ತದೆ. ಬೇಯಿಸಿದ ನೀರು ಎಸೆಯಬೇಡಿ, ಮೇಲಿನ ಕೊಬ್ಬು ತೆಗೆದು ನಾಯಿಯ ಅನ್ನಕ್ಕೆ ಹಾಕಿ.

ಬಟ್ಟೆಯಲ್ಲಿ ಒತ್ತಿ ಒರೆಸಿ ತಟ್ಟೆಗೆ. ಮೊದಲ ಎರಡು ಗಂಟೆ 60 ಡಿಗ್ರಿ, ಕೆಳಗಿನ ಬಾಗಿಲು ಪೂರ್ತಿ ತೆರೆದು, ಫ್ಯಾನ್ ಜೋರು. ಆಮೇಲೆ 68-70ಕ್ಕೆ ಏರಿಸಿ ಇನ್ನೊಂದು ಐದಾರು ಗಂಟೆ. ಕೊನೆಗೆ ಬಾಗಿಲು ಅರ್ಧ ಮುಚ್ಚಿದರೆ ಕರೆಂಟ್ ಉಳಿಯುತ್ತದೆ. ಆರಂಭದಲ್ಲೇ 75 ಇಟ್ಟರೆ ಹೊರಗೆ ಚಕ್ಕೆ ಕಟ್ಟಿ ಒಳನೀರು ಸಿಕ್ಕಿಕೊಳ್ಳುತ್ತದೆ. ಮುಟ್ಟಿದರೆ ಗಟ್ಟಿ, ನಾಲ್ಕನೇ ದಿನ ಒಡೆದು ನೋಡಿದರೆ ನಡುವೆ ಬಿಳಿ ಬೂಷ್ಟು. ಹೀಗೆ ತಿಪ್ಪೆ ಸೇರಿದ ಮಾಂಸದ ಬೆಲೆ ಬೀರುವಿನ ಖರ್ಚನ್ನೂ ಮೀರಿದೆ. ಸಂಜೆ ಗುಡುಗಿಗೆ ಕರೆಂಟ್ ಹೋಗುವುದು ಖಾತ್ರಿ, ಆದ್ದರಿಂದ ಬೆಳಗಿನ 5ಕ್ಕೇ ಶುರು ಮಾಡುತ್ತೇನೆ. ಆರಂಭದಲ್ಲೇ ಕರೆಂಟ್ ಹೋಗಿ ಒಂದು ಗಂಟೆ ದಾಟಿದರೆ ತೆಗೆದು ಫ್ರಿಜ್ಜಿಗೆ ಹಾಕಿ, ಬಂದ ಮೇಲೆ ಮತ್ತೆ ಬಿಸಿಮಾಡಿ ಮುಂದುವರಿಸಿ.

ಕೋಳಿ ಲಿವರ್ ಕೂಡ ಇದೇ ಕ್ರಮ. ಅದರ ಜಿಗುಟು ಹೋಗಿ ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗಿ ಮುರಿಯಲು ಬೇಯಿಸುವ ಮುಂಚೆ ಒಂದು ಕೆಲಸ ಮಾಡುತ್ತೇನೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಲಿವರಿನಲ್ಲಿ ವಿಟಮಿನ್ ಎ ಜಾಸ್ತಿ, 10 ಕೆ.ಜಿ. ತೂಕದ ನಾಯಿಗೆ ದಿನಕ್ಕೆ ಒಣಗಿದ್ದು 4-5 ಗ್ರಾಂ ಸಾಕು. ಯಾವ ತಿಂಡಿಯಾದರೂ ದಿನದ ಆಹಾರದ ಹತ್ತನೇ ಒಂದು ಪಾಲು ದಾಟಬಾರದು.

ಈ ಕಾಲದ ರಾಜ ಸಿಹಿಗುಂಬಳ, ನಮ್ಮ ಕಡೆಯ ಚೀನಿಕಾಯಿ. ಭೂಮಿ ಹುಣ್ಣಿಮೆ ಹೊತ್ತಿಗೆ ಹಿತ್ತಲಲ್ಲೇ ಸಿಗುತ್ತದೆ, ಕೊಂಡರೂ ಕೆ.ಜಿ.ಗೆ 20 ರೂಪಾಯಿ ಒಳಗೆ. ಸಿಪ್ಪೆ, ತಿರುಳಿನ ನಾರು ತೆಗೆದು 4 ಮಿ.ಮೀ. ಬಿಲ್ಲೆ ಮಾಡಿ 3 ನಿಮಿಷ ಹಬೆಯಲ್ಲಿಟ್ಟು 65 ಡಿಗ್ರಿಯಲ್ಲಿ ಒಣಗಿಸಿ. ಹಬೆ ತಪ್ಪಿಸಿದರೆ ಬಣ್ಣ ಮಾಸಿ ಚರ್ಮದಂತಾಗುತ್ತದೆ. ಕೆ.ಜಿ.ಗೆ ಸಿಗುವುದು 110 ಗ್ರಾಂ ಅಷ್ಟೇ, ಉಳಿದದ್ದೆಲ್ಲ ನೀರು. ಆಯುಧಪೂಜೆಗೆ ಒಡೆದ ಬೂದುಗುಂಬಳ ರಾಶಿ ಬಿದ್ದಿರುತ್ತದೆ, ಅದರ ಆಸೆ ಬೇಡ. ಕುಂಕುಮ, ಸುಣ್ಣ ಒಳಗೆಲ್ಲ ಇಳಿದಿರುತ್ತದೆ. ಕುಂಬಳದ ಬೀಜವನ್ನು ಹುರಿದು ಪುಡಿಮಾಡಿ ಹಾಕಬಹುದು, ಆದರೆ ಅದನ್ನು ನಂಬಿ ಜಂತುಹುಳದ ಮಾತ್ರೆ ನಿಲ್ಲಿಸಬೇಡಿ.

ಕುಂಬಳ ಹೆಚ್ಚಾದರೆ ರಾಗಿ ಬಿಲ್ಲೆ. ಬೇಯಿಸಿ ಹಿಂಡಿದ ತಿರುಳು ಅರ್ಧ ಕೆ.ಜಿ., ರಾಗಿಹಿಟ್ಟು ಕಾಲು ಕೆ.ಜಿ., ಮೊಟ್ಟೆ ಒಂದು. ಲಟ್ಟಿಸಿ ಕತ್ತರಿಸಿ ಓವನ್‌ನಲ್ಲಿ 150 ಡಿಗ್ರಿಗೆ ಅರ್ಧ ಗಂಟೆ, ಆಮೇಲೆ ಬೀರುವಿನಲ್ಲಿ 70ಕ್ಕೆ ಐದಾರು ಗಂಟೆ. ಮಾಮೂಲಿ ಹಿಟ್ಟಿನ ಬದಲು ಹುರಿಹಿಟ್ಟು ಹಾಕಿ ನೋಡಿದೆ: ಇನ್ನೂ ಗರಿಗರಿ, ಆದರೆ ನೀರು ಜಾಸ್ತಿ ಎಳೆಯುತ್ತದೆ, 200 ಗ್ರಾಂ ಮೇಲೆ ಹಾಕಿದರೆ ಅಂಚು ಒಡೆಯುತ್ತದೆ. ಬಾಳೆಹಣ್ಣು ಪ್ರಯೋಗ ಕೈಬಿಟ್ಟೆ. ಅಂಟು ಹೋಗುವುದಿಲ್ಲ, ಇರುವೆ ಬಿಡುವುದಿಲ್ಲ. ಗೆಣಸು ಚೆನ್ನಾಗಿ ಬರುತ್ತದೆ, ಕೆ.ಜಿ.ಗೆ 300 ಗ್ರಾಂ.

ಇನ್ನು ಎಲ್ಲರೂ ಜಾರುವ ಜಾಗ. ಒಣಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಡಿ, ತಕ್ಕಡಿ ಕೇಳಿ. ಒಂದು ಕೆ.ಜಿ. ಹಸಿ ಮಾಂಸದಿಂದ ಬಂದ ತಟ್ಟೆ 280 ಗ್ರಾಂ ಹತ್ತಿರ ಇಳಿದು, ಇನ್ನೊಂದು ಗಂಟೆ ಇಟ್ಟರೂ 3-4 ಗ್ರಾಂಗಿಂತ ಹೆಚ್ಚು ಕಡಿಮೆಯಾಗದಿದ್ದರೆ ಮುಗಿಯಿತು. ಹೊರಗೆ ತೆಗೆದ ಮೇಲೆ ತಣಿಯಲು ಇಪ್ಪತ್ತು ನಿಮಿಷ, ಅಷ್ಟೇ. ರಾತ್ರಿಯಿಡೀ ತಟ್ಟೆಯಲ್ಲಿ ಬಿಟ್ಟರೆ ಬೆಳಗ್ಗೆ ಗರಿ ಹೋಗಿ ಬಾಗುತ್ತದೆ. ಬಿಸಿಯಲ್ಲೇ ತುಂಬಿದರೆ ಮುಚ್ಚಳದೊಳಗೆ ಬೆವರು. ಗಾಜಿನ ಭರಣಿಗೆ ಮುಕ್ಕಾಲು ತುಂಬಿ ಒಂದು ವಾರ ದಿನಾ ಅಲುಗಾಡಿಸಿ. ಗಾಜಿನ ಒಳಮೈ ಮಬ್ಬಾದರೆ ಅಷ್ಟೂ ಮತ್ತೆ 70 ಡಿಗ್ರಿಗೆ. ತೇವ ಹೀರುವ ಸಿಲಿಕಾ ಪೊಟ್ಟಣವನ್ನು ದೊಡ್ಡ ಡಬ್ಬಿಯಲ್ಲಿ ಮಾತ್ರ ಇಡುತ್ತೇನೆ. ಕೊಡುವ ಪ್ಯಾಕೆಟ್ಟಿಗೆ ಹಾಕಿದರೆ ನಾಯಿ ಅದನ್ನೂ ನುಂಗಬಹುದು. ತೆಳು ಪ್ಲಾಸ್ಟಿಕ್ ಕವರ್ ಮಲೆನಾಡಿಗೆ ಆಗದು, ಅಲ್ಯೂಮಿನಿಯಂ ಪದರದ ಜಿಪ್ ಪೌಚೇ ಬೇಕು, ಒಂದಕ್ಕೆ 5-6 ರೂಪಾಯಿ.

ಲೆಕ್ಕ: ಬೋನ್‌ಲೆಸ್ ಕೆ.ಜಿ.ಗೆ ಸುಮಾರು 300 ರೂಪಾಯಿ. ಒಂದು ಸಲಕ್ಕೆ 3 ಕೆ.ಜಿ. ಹಿಡಿಯುತ್ತದೆ, ಕರೆಂಟ್ ಆರೇಳು ಯೂನಿಟ್. 100 ಗ್ರಾಂ ಒಣಗಿದ್ದಕ್ಕೆ ಪೌಚ್ ಸೇರಿ 120ರಿಂದ 130 ಬೀಳುತ್ತದೆ. ಲಿವರ್ ಆದರೆ ಅದರ ಅರ್ಧ. ಶಿವಮೊಗ್ಗದಲ್ಲಿ ಪರಿಚಯದವರಿಗೆ 100 ಗ್ರಾಂ ಕೋಳಿಯನ್ನು 200ಕ್ಕೆ ಕೊಡುತ್ತೇನೆ, ಮಾಲು ಉಳಿಯುವುದೇ ಇಲ್ಲ.

ಈಗ ಘಟ್ಟದ ಕೆಳಗಿನಿಂದ ಬರುವ ಬೂತಾಯಿ (ಸಾರ್ಡೀನ್) ಮೀನಿನ ಮೇಲೆ ಕೈ ಇಟ್ಟಿದ್ದೇನೆ. ತಲೆ, ಕರುಳು, ನಡುಮುಳ್ಳು ತೆಗೆದು ಹಬೆಯಲ್ಲಿ ಬೇಯಿಸಿದರೆ ಚೆನ್ನಾಗಿಯೇ ಒಣಗುತ್ತದೆ, ಆದರೆ ಎಣ್ಣೆ ಜಾಸ್ತಿಯಾದ್ದರಿಂದ ಮೂರನೇ ವಾರಕ್ಕೆ ಕಮಟು ಬರುತ್ತದೆ. ಸದ್ಯಕ್ಕೆ ಮಾಡಿದಷ್ಟನ್ನೂ ಫ್ರೀಜರಿನಲ್ಲಿಟ್ಟು ಹದಿನೈದು ದಿನದೊಳಗೆ ಖಾಲಿ ಮಾಡುತ್ತಿದ್ದೇನೆ.