ಹೊಲ ಸ್ವಚ್ಛ ಮಾಡಲು ಹಳೆಯ ಬಾಬ್‌ಕ್ಯಾಟ್: ಕಡಿಮೆ ಹಣದಲ್ಲಿ ಕೊಳ್ಳುವುದು ಹೇಗೆ?

ಬೆಂಗಳೂರಿನಲ್ಲಿ ಮನೆ, ಕನಕಪುರ ಅಥವಾ ಹೊಸಕೋಟೆಯ ಕಡೆ ಬೀಳುಬಿದ್ದ ಜಮೀನು ಇರುವವರಿಗೆ ಮೊದಲು ಎದುರಾಗುವುದು ಲಂಟಾನದ ಪೊದೆ, ಜಾಲಿ ಮುಳ್ಳು ಮತ್ತು ನೀಲಗಿರಿಯ ಬೊಡ್ಡೆ. ಒಂದೆರಡು ಎಕರೆಯಷ್ಟೇ ಇದ್ದರೆ ಯಂತ್ರ ಕೊಳ್ಳುವ ಯೋಚನೆಯನ್ನೇ ಬಿಟ್ಟು ಬಾಡಿಗೆಗೆ ಕರೆಸುವುದು ಒಳ್ಳೆಯದು. ಆದರೆ ಬೇರು ಉಳಿದಲ್ಲೆಲ್ಲ ಲಂಟಾನ ಮತ್ತೆ ಚಿಗುರುವುದರಿಂದ, ಹೆಚ್ಚು ಜಮೀನು ಇರುವವರಿಗೆ ಅಥವಾ ಅಕ್ಕಪಕ್ಕದ ನಾಲ್ಕೈದು ರೈತರು ಹಣ ಹಾಕಿ ಸೇರಿಕೊಂಡಾಗ ಹಳೆಯ ಬಾಬ್‌ಕ್ಯಾಟ್, ಅಂದರೆ ಮುಂದೆ ಬಕೆಟ್ ಇರುವ ಸ್ಕಿಡ್ ಸ್ಟೀರ್ ಲೋಡರ್ ಎಂಬ ಚಿಕ್ಕ ಯಂತ್ರ, ಒಂದು ಸ್ವಂತಕ್ಕಿರುವುದು ಉಪಯುಕ್ತ.

ಬಾಬ್‌ಕ್ಯಾಟ್ ಎಂಬುದು ಒಂದು ಕಂಪನಿಯ ಹೆಸರಾದರೂ ನಮ್ಮಲ್ಲಿ ಈ ಬಗೆಯ ಯಂತ್ರಗಳಿಗೆಲ್ಲ ಅದೇ ಹೆಸರು. ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಸಹೋದರರು 1957ರಲ್ಲಿ ಇದರ ಮೂಲ ರೂಪವನ್ನು ತಯಾರಿಸಿದ್ದು ಟರ್ಕಿ ಕೋಳಿಗಳ ಇಕ್ಕಟ್ಟಾದ ಶೆಡ್ ಶುಚಿಗೊಳಿಸಲು. ಇದರ ಚಕ್ರಗಳು ಕಾರಿನ ಚಕ್ರದಂತೆ ತಿರುಗುವುದಿಲ್ಲ. ಒಂದು ಬದಿಯ ಚಕ್ರಗಳು ನಿಂತು ಅಥವಾ ಹಿಂದಕ್ಕೆ ಉರುಳಿ, ಇನ್ನೊಂದು ಬದಿಯವು ಮುಂದೆ ಸಾಗಿದಾಗ ಯಂತ್ರವೇ ನೆಲದ ಮೇಲೆ ಜಾರಿ ತಿರುಗುತ್ತದೆ. ಎರಡೂ ಬದಿಗೆ ಪ್ರತ್ಯೇಕ ಹೈಡ್ರಾಲಿಕ್ ಪಂಪು, ಮೋಟಾರು ಇರುತ್ತವೆ. ಹಳೆಯ ಯಂತ್ರ ಕೊಳ್ಳುವವರು ಗಮನ ಕೊಡಬೇಕಾದದ್ದು ಇಲ್ಲಿಗೇ. ಎಂಜಿನ್ ಕೆಟ್ಟರೆ ರಿಪೇರಿ ಮಾಡುವವರು ನಗರದಲ್ಲಿ ಸಿಗುತ್ತಾರೆ, ಆದರೆ ಪಂಪು ಮತ್ತು ಮೋಟಾರು ಸವೆದಿದ್ದರೆ ಅಗ್ಗವಾಗಿ ಕೊಂಡ ಯಂತ್ರ ದುಬಾರಿಯಾಗುವುದು ಖಚಿತ.

ಮೊದಲು ಕೆಲಸವನ್ನು ಅಳೆಯಿರಿ. ಪೊದೆ ಕೀಳುವುದು, ಕೊಂಬೆ ಗುಡ್ಡೆ ಹಾಕುವುದು, ಮಣ್ಣು ಸಮ ಮಾಡುವುದು ಇದಕ್ಕೆ ಸುಲಭ. ಆಳಕ್ಕೆ ಬೇರು ಬಿಟ್ಟ ದಪ್ಪ ಬೊಡ್ಡೆಗೆ ಒಂದು ದಿನ ಹಿಟಾಚಿ ಕರೆಸುವುದೇ ಲೇಸು. ಪೊದೆಯನ್ನು ನಿಂತಲ್ಲೇ ಪುಡಿ ಮಾಡುವ ಮಲ್ಚರ್ ಜೋಡಿಸುವ ಆಸೆಯಿದ್ದರೆ ಹೈ ಫ್ಲೋ ಹೈಡ್ರಾಲಿಕ್ಸ್ ಇದೆಯೇ ಎಂದು ಕೇಳಿ. ಸಾಮಾನ್ಯ ಯಂತ್ರಗಳಲ್ಲಿ ಅಷ್ಟು ಎಣ್ಣೆಯ ಹರಿವು ಇರುವುದಿಲ್ಲ. ಬಜೆಟ್ ಬಿಗಿಯಿದ್ದವರಿಗೆ ಹಲ್ಲಿನ ಬಕೆಟ್ ಮತ್ತು ಕೊಂಬೆಗಳನ್ನು ಕಚ್ಚಿ ಹಿಡಿಯುವ ಒಂದು ಗ್ರಾಪಲ್ ಸಾಕು ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿರುವ ಹಣದ ಕಾಲು ಭಾಗವನ್ನು ರಿಪೇರಿಗೆಂದು ಎತ್ತಿಟ್ಟು, ಉಳಿದದ್ದರಲ್ಲಿ ಮಾತ್ರ ಬೆಲೆ ಮಾತಾಡಿ.

ಯಂತ್ರ ನೋಡಲು ಹೋಗುವಾಗ ಅದನ್ನು ಮುಂಚೆಯೇ ಸ್ಟಾರ್ಟ್ ಮಾಡಿಡಬಾರದೆಂದು ಮಾಲೀಕರಿಗೆ ಹೇಳಿ, ತಲುಪಿದ ಕೂಡಲೇ ಎಂಜಿನ್ ತಣ್ಣಗಿದೆಯೇ ಎಂದು ಪರೀಕ್ಷಿಸಿ. ತಣ್ಣಗಿನ ಎಂಜಿನ್ ಸಲೀಸಾಗಿ ಹೊತ್ತಿಕೊಳ್ಳಬೇಕು. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಅದು ಎಂಜಿನ್ ಆಯಿಲ್ ಸುಡುತ್ತಿರುವ ಗುರುತು. ಹೈಡ್ರಾಲಿಕ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ.

ಅನಂತರ ಕನಿಷ್ಠ ಅರ್ಧ ಗಂಟೆ ಕೆಲಸ ಮಾಡಿಸಿ. ಈ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಎಣ್ಣೆ ತಣ್ಣಗಿರುವಾಗ ಗಟ್ಟಿಯಾಗಿರುವುದರಿಂದ ಸವೆದ ಪಂಪು ಕೂಡ ಚೆನ್ನಾಗಿಯೇ ತಳ್ಳುತ್ತದೆ. ಬಿಸಿಯಾಗಿ ತೆಳುವಾದ ಮೇಲೆ ಒಳಗಿನ ಸೋರಿಕೆ ಹೆಚ್ಚಿ ಬಲ ಕುಸಿಯುತ್ತದೆ. ಬಕೆಟ್ಟನ್ನು ಮಣ್ಣಿನ ಗುಡ್ಡೆಗೆ ಒತ್ತಿ ಮುಂದಕ್ಕೆ ನೂಕಿಸಿದಾಗ ಎರಡೂ ಬದಿಯ ಚಕ್ರಗಳು ಒಂದೇ ಬಲದಿಂದ ಜಾರಿ ಸುತ್ತಬೇಕು. ಎಂಜಿನ್ ಗುಡುಗುತ್ತಿದ್ದರೂ ಒಂದು ಬದಿ ಸುಮ್ಮನೆ ನಿಂತುಬಿಟ್ಟರೆ, ಅಥವಾ ನೇರ ದಾರಿಯಲ್ಲಿ ಯಂತ್ರ ಒಂದೇ ಕಡೆಗೆ ಎಳೆಯುತ್ತಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಹಿಂದಿರುಗಿ ಬನ್ನಿ.

ಆಮೇಲೆ ಬಕೆಟ್ ನೆಲಕ್ಕಿಟ್ಟು ಮೆಲ್ಲಗೆ ಎತ್ತಿ ಇಳಿಸುತ್ತ ಕೀಲುಗಳ ಪಿನ್ ಮತ್ತು ಬುಷ್‌ಗಳಲ್ಲಿ ಆಟ ಎಷ್ಟಿದೆ ಎಂದು ನೋಡಿ. ಬುಷ್ ಸವೆದಿದ್ದರೆ ಬದಲಿಸಬಹುದು. ರಂಧ್ರವೇ ಮೊಟ್ಟೆಯಾಕಾರವಾಗಿದ್ದರೆ ಅದನ್ನು ಮತ್ತೆ ಕೊರೆದು ದುಂಡಗೆ ಮಾಡುವ ಲೈನ್ ಬೋರಿಂಗ್ ಮಾಡಿಸಬೇಕಾಗುತ್ತದೆ. ಬಕೆಟ್ ಎತ್ತುವ ತೋಳಾದ ಬೂಮ್‌ನ ಮೇಲೆ ವೆಲ್ಡಿಂಗ್ ತೇಪೆ, ಹೊಸ ಬಣ್ಣದ ಕೆಳಗಿನ ಬಿರುಕು ಹುಡುಕಿ. ಎತ್ತಿದ ಬೂಮ್‌ನ ಕೆಳಗೆ ಲಾಕ್ ಹಾಕದೆ ತಲೆಯನ್ನೂ ಚಾಚಬೇಡಿ. ಸೀಟಿನ ಸುರಕ್ಷಾ ಬಾರ್ ಎತ್ತಿದಾಗ ಬೂಮ್ ಮತ್ತು ಚಕ್ರ ಕದಲಬಾರದು. ಕದಲಿದರೆ ಯಾರೋ ಆ ವ್ಯವಸ್ಥೆಯನ್ನು ತಪ್ಪಿಸಿದ್ದಾರೆ.

ಯಂತ್ರ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಅವರ್ ಮೀಟರನ್ನು ಹಾಗೆಯೇ ನಂಬಬೇಡಿ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ದುಡಿದರೆ 2,000 ಗಂಟೆಯಾಗುತ್ತದೆ. ಕಟ್ಟಡದ ಸೈಟಿನಲ್ಲಿ ಐದು ವರ್ಷ ಬಾಡಿಗೆಗೆ ಓಡಿದ ಯಂತ್ರದ ಮೀಟರು ಅಷ್ಟನ್ನೇ ತೋರಿಸುತ್ತಿದ್ದರೆ, ಪೆಡಲು, ಸೀಟು ಮತ್ತು ಹಿಡಿಕೆಗಳ ಸವೆತದೊಂದಿಗೆ ಹೋಲಿಸಿ ನೋಡಿ.

ದಾಖಲೆಗಳ ವಿಷಯದಲ್ಲಿ ಚಾಸಿಯ ಮೇಲಿನ ಸರಣಿ ಸಂಖ್ಯೆ ಇನ್‌ವಾಯ್ಸ್‌ನೊಂದಿಗೆ ತಾಳೆಯಾಗಬೇಕು. ನೋಂದಣಿಯಾದ ಯಂತ್ರವಾದರೆ ಆರ್‌ಸಿಯ ಜೊತೆ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ಒತ್ತೆ ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಜಮೀನಿನಲ್ಲಿ ಮರಗಳಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.

ನಿಧಾನವಾಗಿ ಚಲಿಸುವ ಈ ಯಂತ್ರವನ್ನು ರಸ್ತೆಯಲ್ಲಿ ಓಡಿಸಿಕೊಂಡು ಹೋಗುವ ಬದಲು ಲಾರಿಯಲ್ಲಿ ಸಾಗಿಸಿ. ಜಮೀನು ತಲುಪಿದ ದಿನ ಎಲ್ಲ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಮೀಟರಿನ ಅಂಕಿಯನ್ನು ಬರೆದಿಡಿ. ಪೊದೆಗಳ ನಡುವೆ ದುಡಿಯುವಾಗ ಒಣ ಎಲೆ ರೇಡಿಯೇಟರಿಗೂ ಎಂಜಿನ್ನಿನ ಕೆಳಗಿನ ತಟ್ಟೆಗೂ ತುಂಬಿಕೊಂಡು ಬೆಂಕಿ ಹೊತ್ತುವ ಅಪಾಯವಿರುವುದರಿಂದ, ಪ್ರತಿದಿನ ಸಂಜೆ ಅದನ್ನು ಬಿಚ್ಚಿ ಗುಡಿಸಿ ತೆಗೆಯಬೇಕು.