ಕೆಳಗೆ ಮುರಕಲ್ಲು, ಮೇಲೆ ಉಗುರು: ನಾಯಿ ಜೊತೆಗಿದ್ದರೆ ಟೆಂಟ್ ಆರಿಸುವುದು ಹೇಗೆ

ಟೆಂಟಿನ ತೂಕ ಕೇಳುವ ಮೊದಲು ಅದರ ತಳ ನೋಡಬೇಕು. ನಾಯಿಯನ್ನು ಕರೆದುಕೊಂಡು ಹೋಗುವವರಿಗೆ ನಾನು ಮೊದಲು ಹೇಳುವುದು ಇಷ್ಟನ್ನೇ. ನಮ್ಮ ಕಾಸರಗೋಡಿನ ಪೈವಳಿಕೆ, ಬಾಯಾರು, ಪೆರ್ಲ, ಮುಳ್ಳೇರಿಯ, ಎಲ್ಲಿಯ ಪದವಿಗೆ, ಅಂದರೆ ಗುಡ್ಡೆಯ ಮೇಲಿನ ಬಯಲಿಗೆ, ಹತ್ತಿದರೂ ಮುಳಿಹುಲ್ಲಿನ ಅಡಿಯಲ್ಲಿರುವುದು ಮುರಕಲ್ಲು, ಎಂದರೆ ಜಂಬಿಟ್ಟಿಗೆ. ಮೈಯೆಲ್ಲ ತೂತು, ತೂತಿನ ಅಂಚು ಹರಿತ, ಮೇಲೆ ಕಡಲೆಕಾಳಿನಷ್ಟು ದಪ್ಪದ ಕೆಂಪು ಹರಳು. ನಾಯಿ ಮಲಗುವ ಮೊದಲು ಒಂದೆರಡು ಸುತ್ತು ತಿರುಗಿ ನೆಲ ಕೆರೆಯುತ್ತದೆ, ಯಾವ ತರಬೇತಿಯಿಂದಲೂ ಅದು ಪೂರ್ತಿ ನಿಲ್ಲುವುದಿಲ್ಲ. ಮೇಲಿನಿಂದ ಉಗುರು ಒತ್ತುತ್ತದೆ, ಕೆಳಗಿನಿಂದ ಹರಳು ಎತ್ತಿಕೊಡುತ್ತದೆ, ನಡುವಿನ ಬಟ್ಟೆ ತೂತಾಗುತ್ತದೆ. ಅದೇ ಬಟ್ಟೆಯನ್ನು ಅದೇ ನಾಯಿ ಗದ್ದೆಯ ಮೆತ್ತಗಿನ ಹುಲ್ಲಿನ ಮೇಲೆ ಕೆರೆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒತ್ತಿದಾಗ ನೆಲವೇ ಬಗ್ಗಿಕೊಳ್ಳುತ್ತದೆ. ಹೊರದೇಶದವರು ಹೊಗಳಿದ ಟೆಂಟ್ ನಮ್ಮಲ್ಲಿ ಎರಡೇ ರಾತ್ರಿಗೆ ಒಸರುವುದು ಇದೇ ಕಾರಣಕ್ಕೆ.

ನಾಯಿಯನ್ನು ಹೊರಗೆ ಕಟ್ಟಿದರೆ ಈ ರಗಳೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಕಾರಡ್ಕ, ಮುಳಿಯಾರು ಕಡೆಯವರು ಹಾಗೆ ಹೇಳಲಾರರು. ಚಿರತೆಗೆ ಕಟ್ಟಿಹಾಕಿದ ನಾಯಿಗಿಂತ ಸುಲಭದ ಬೇಟೆ ಇಲ್ಲ. ಕಾಡುಹಂದಿ ಬಂದರೆ ಕಟ್ಟಿದ ನಾಯಿಗೆ ಓಡಲೂ ದಾರಿಯಿಲ್ಲ. ಕಡಲ ಕರೆಯಲ್ಲಾದರೆ ಬೀದಿನಾಯಿಗಳ ಗುಂಪು. ಬೇಕಲದ ಆಸುಪಾಸಾಗಲಿ ಕುಂಬಳೆಯ ಕಡೆಯಾಗಲಿ, ನಾಯಿ ಜೊತೆಗಿದ್ದರೆ ಮರಳಿನ ಮೇಲೆ ರಾತ್ರಿ ಕಳೆಯುವುದನ್ನು ನಾನು ಆರಿಸುವುದಿಲ್ಲ. ರಾಣಿಪುರ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ, ಅದರ ಆಚೆಗೆ ತಲಕಾವೇರಿ ಅಭಯಾರಣ್ಯ. ಅಲ್ಲಿಗೆ ನಾಯಿಯನ್ನು ಒಯ್ಯುವ ಯೋಚನೆಯೇ ಬೇಡ. ಉಳಿಯುವುದು ಗುರುತಿನವರ ಗುಡ್ಡೆ, ತೋಟದ ಬದಿ, ಖಾಸಗಿ ಪದವು. ಮಾಲಕರನ್ನು ಕೇಳಿ ಹಾಕುವುದು, ನಾಯಿ ಒಳಗೆ ಮಲಗುವುದು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ.

ತಳದ ಬಟ್ಟೆಯನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎನ್ನುವುದೇ ಡೆನಿಯರ್. 20 ಡಿ ಎಂದರೆ ಅಷ್ಟು ಉದ್ದದ ನೂಲು 20 ಗ್ರಾಂ ತೂಗುತ್ತದೆ. ಒಂದು ಕಿಲೋ ಆಸುಪಾಸಿನ ಟೆಂಟುಗಳ ತಳ ಹೆಚ್ಚಾಗಿ 10 ಡಿ, 15 ಡಿ. ಇವು ನಾಯಿಗೆ ಆಗುವುದಿಲ್ಲ. 20 ಡಿ ಆದರೆ ಅಡಿಗೂ ಮೇಲೆಯೂ ಹಾಸು ಕಡ್ಡಾಯ. 40 ಡಿ ಅಥವಾ 70 ಡಿ ಸಿಕ್ಕಿದರೆ ಮನಸ್ಸಿಗೆ ನಿಶ್ಚಿಂತೆ. ಎರಡು ಜನರ ಟೆಂಟಿನಲ್ಲಿ 20 ಡಿಯಿಂದ 70 ಡಿಗೆ ಏರಿದರೆ ತಳದ ತೂಕ ಹೆಚ್ಚುವುದು ಸುಮಾರು 150 ಗ್ರಾಂ. ಒಂದು ಲೋಟ ನೀರಿನಷ್ಟೂ ಇಲ್ಲ. ಇಲ್ಲಿ ಜಿಪುಣತನ ಮಾಡಿ ಟೈಟಾನಿಯಂ ಚಮಚಕ್ಕೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ಡೈನೀಮಾ ಬಟ್ಟೆಯ ದುಬಾರಿ ಟೆಂಟುಗಳು ಹರಿಯುವುದಕ್ಕೆ ಬಗ್ಗವು, ಆದರೆ ಮೊನಚು ಚುಚ್ಚಿದರೆ ಬೇಗ ತೂತಾಗುತ್ತವೆ. ನಾಯಿಯವರಿಗೆ ಅದು ಹೇಳಿ ಮಾಡಿಸಿದ್ದಲ್ಲ.

ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಂತರೂ ಒಸರದು ಎಂದು ಅರ್ಥ. ಹೊರಹೊದಿಕೆಯಾದ ಫ್ಲೈಗೆ 1,200 ಸಾಕು. ತಳಕ್ಕೆ 3,000 ಕೇಳಿ. ಒದ್ದೆ ನೆಲದ ಮೇಲೆ ಮಲಗಿದ ನಾಯಿಯ ಮೊಣಕೈ ಅಂಗೈಯಗಲದ ಜಾಗದಲ್ಲಿ ಭಾರ ಹಾಕುತ್ತದೆ.

ಟೆಂಟಿನ ಅಡಿಗೆ ಹಾಸಲು ಕಂಪೆನಿಯವರು ಮಾರುವ ಫುಟ್‌ಪ್ರಿಂಟ್ ಬೇಕಾಗಿಲ್ಲ. ಮಳೆಗಾಲದಲ್ಲಿ ಕಟ್ಟಿಗೆಗೆ, ಅಡಿಕೆಗೆ ಹೊದಿಸುವ ಸಿಲ್ಪಾಲಿನ್ ಇದೆಯಲ್ಲ, ಅದೇ ಸಾಕು. 210 ಸೆಂಟಿಮೀಟರ್ ಉದ್ದ, 130 ಅಗಲದ ತಳ ಎಂದರೆ 2.73 ಚದರ ಮೀಟರ್. 70 ಜಿಎಸ್‌ಎಂ ಹಾಳೆ, ಎಂದರೆ ಚದರ ಮೀಟರಿಗೆ 70 ಗ್ರಾಂ ತೂಗುವುದು, ಆದರೆ ತೂಕ 190 ಗ್ರಾಂ, 90ರದ್ದಾದರೆ 245, 120ರದ್ದಾದರೆ 330ರ ಹತ್ತಿರ. ಪದವಿಗೆ ನಾನು ಒಯ್ಯುವುದು 90ರದ್ದು. ಕತ್ತರಿಸುವಾಗ ನಾಲ್ಕೂ ಬದಿ ತಳಕ್ಕಿಂತ 5 ಸೆಂಟಿಮೀಟರ್ ಒಳಗೆ ಬರಲಿ. ಹೊರಗೆ ಇಣುಕಿದರೆ ಫ್ಲೈಯಿಂದ ಇಳಿದ ನೀರು ಸಿಲ್ಪಾಲಿನ್ ಮೇಲೆ ಬಿದ್ದು ಸೀದಾ ಟೆಂಟಿನ ಅಡಿಗೆ ಬರುತ್ತದೆ. ಮತ್ತೆ ರಾತ್ರಿಯಿಡೀ ಕೆರೆಯ ಮೇಲೆ ಮಲಗಿದ ಹಾಗೆ. ಹಾಸುವ ಮೊದಲು ಅಂಗೈಯಿಂದ ನೆಲ ಸವರಿ ಹರಳು ಆರಿಸಿ ತೆಗೆಯುವ ಐದು ನಿಮಿಷದ ಕೆಲಸವನ್ನು ಯಾವ ಬಟ್ಟೆಯೂ ನಿಮ್ಮ ಬದಲಿಗೆ ಮಾಡುವುದಿಲ್ಲ.

ಒಳಗೆ ನಾಯಿಯ ಪಾಲಿನ ಜಾಗಕ್ಕೆ 5-6 ಮಿಲಿಮೀಟರ್ ದಪ್ಪದ ಫೋಮ್ ಚಾಪೆ. ಯೋಗದ ರಬ್ಬರ್ ಚಾಪೆ ಒಂದು ಕಿಲೋ ತೂಗುತ್ತದೆ, ಅದು ಬೇಡ. ಹಗುರ ಫೋಮಿನದು 200 ಗ್ರಾಂ ಚಿಲ್ಲರೆ. ಸಿಲಿಕೋನ್ ಲೇಪದ ತಳ ಜಾರುತ್ತದೆ. ಇಳಿಜಾರಿನಲ್ಲಿ ಹಾಕಿದರೆ ಬೆಳಗ್ಗೆ ನಾಯಿಯೂ ಚಾಪೆಯೂ ಕಾಲಬುಡದಲ್ಲಿರುತ್ತವೆ. ಚಾಪೆಯ ಅಡಿಗೆ ಒಂದು ಗೇಣು ಅಂತರದಲ್ಲಿ ಸಿಲಿಕೋನ್ ಸೀಲಂಟಿನ ಬೊಟ್ಟು ಇಟ್ಟು ಒಂದು ದಿನ ಒಣಗಿಸಿದರೆ ಜಾರುವುದು ನಿಲ್ಲುತ್ತದೆ. ಗಾಳಿ ತುಂಬುವ ಚಾಪೆಯನ್ನು ನಾಯಿಯ ಬದಿಗೆ ಇಡುವುದು ಬೇಡ, ಕಾರಣ ಹೇಳಬೇಕಾಗಿಲ್ಲ.

ಇನ್ನು ಅಳತೆ. ಸುತ್ತಿಕೊಂಡು ಮಲಗಿದ ನಾಯಿಗೆ 60-65 ಸೆಂಟಿಮೀಟರ್ ಅಗಲ ಸಾಕು ಎಂಬ ಲೆಕ್ಕ ಚಳಿದೇಶದ್ದು. ನಮ್ಮಲ್ಲಿ ಡಿಸೆಂಬರಿನ ರಾತ್ರಿಯೂ 20 ಡಿಗ್ರಿಯ ಆಸುಪಾಸು. ಸೆಕೆಗೆ ನಾಯಿ ಮಗ್ಗುಲಾಗಿ, ನಾಲ್ಕೂ ಕಾಲು ನೀಡಿ ಮಲಗುತ್ತದೆ. ಹಾಗೆ ಮಲಗಿದಾಗಲೇ ಅಳೆಯಬೇಕು: ಮೂತಿಯಿಂದ ಬಾಲದ ಬುಡದವರೆಗೆ ಒಂದು, ಬೆನ್ನಿನಿಂದ ಪಾದದ ತುದಿಯವರೆಗೆ ಇನ್ನೊಂದು. 20 ಕಿಲೋದ ಊರನಾಯಿ ಸುಮಾರು 100 ಸೆಂಟಿಮೀಟರ್ ಉದ್ದ, 70 ಅಗಲದ ಜಾಗ ಹಿಡಿಯುತ್ತದೆ. ನಮ್ಮ ಚಾಪೆ 51 ಸೆಂಟಿಮೀಟರ್. ಎರಡೂ ಸೇರಿ 121. ಗೋಡೆಯ ಇಳಿಜಾರಿಗೆಂದು 10 ಬಿಟ್ಟರೆ 131. ಅಂದರೆ ಒಬ್ಬರು, ಒಂದು ಊರನಾಯಿ ಎಂದಾದರೆ ಎರಡು ಜನರ ಟೆಂಟ್, ಅದರಲ್ಲೂ 130ಕ್ಕೆ ಕಮ್ಮಿಯಿಲ್ಲದ ಅಗಲದ್ದು. ಲ್ಯಾಬ್ರಡಾರ್ ಆದರೆ, ಅಥವಾ ಇಬ್ಬರಿದ್ದು ನಾಯಿಯೂ ಇದ್ದರೆ ಮೂರು ಜನರದ್ದು. ಡ್ಯಾಷ್‌ಹೌಂಡ್ ಮೂಲೆಯಲ್ಲಿ ಎಲ್ಲಿಯಾದರೂ ಸುಧಾರಿಸುತ್ತದೆ, ಆದರೆ ಅದರ ಉಗುರೇನೂ ಸಣ್ಣದಲ್ಲ. ಎಷ್ಟೋ ಟೆಂಟುಗಳು ತಲೆಯ ಕಡೆ 130 ಇದ್ದು ಕಾಲಿನ ಕಡೆ 110ಕ್ಕೆ ಕಿರಿದಾಗುತ್ತವೆ, ಮಾರುವವರು ದೊಡ್ಡ ಅಳತೆಯನ್ನು ಮಾತ್ರ ಬರೆಯುತ್ತಾರೆ. ಕೊಳ್ಳುವ ಮೊದಲು ಅಂಗಳದಲ್ಲಿ ಸೀಮೆಸುಣ್ಣದಿಂದ ಆ ಆಕಾರ ಬರೆದು, ಚಾಪೆ ಹಾಸಿ, ನಾಯಿಯನ್ನು ಕರೆದು ಮಲಗಿಸಿ ನೋಡುವುದು ನನ್ನ ಕ್ರಮ.

ಎರಡನೆಯ ದೊಡ್ಡ ಪ್ರಶ್ನೆ, ಗೂಟವಿಲ್ಲದೆ ಟೆಂಟ್ ತಾನಾಗಿ ನಿಲ್ಲುತ್ತದೆಯೇ ಎಂಬುದು. ಊರುಗೋಲಿನ ಮೇಲೆ ನಿಲ್ಲಿಸುವ ಟೆಂಟುಗಳು ಎಲ್ಲಕ್ಕಿಂತ ಹಗುರ, ಆದರೆ ಅವುಗಳ ಜೀವ ಇರುವುದು ಗೂಟದಲ್ಲಿ. ಮುರಕಲ್ಲಿಗೆ ಅಲ್ಯೂಮಿನಿಯಂ ಗೂಟ ಹೊಡೆದರೆ ಗೂಟ ಬಗ್ಗುತ್ತದೆ, ಕಲ್ಲು ನಗುತ್ತದೆ. ಹೆಸರು ಹೇಳಿಯೇ ಹೇಳುವುದಾದರೆ, ನೇಚರ್‌ಹೈಕ್‌ನ ಕ್ಲೌಡ್ ಅಪ್ ಮಾದರಿಯಲ್ಲಿ ಕಾಲಿನ ಕಡೆಯ ಎರಡು ಮೂಲೆ ಬಿಗಿಯಾಗಲು ಗೂಟ ಬೇಕು, ಬಾಗಿಲೂ ತಲೆಯ ಕಡೆ ಒಂದೇ. ಅದೇ ಕಂಪೆನಿಯ ಮೊಂಗಾರ್, ಎಂಎಸ್ಆರ್‌ನ ಹಬ್ಬಾ ಹಬ್ಬಾ ಇವುಗಳಿಗೆ ಎರಡು ಬದಿಗೂ ಬಾಗಿಲು. ನಾಯಿ ಇದ್ದರೆ ಎರಡನೆಯ ಬಗೆಯೇ ಅನುಕೂಲ. ನಡುರಾತ್ರಿ ನಾಯಿಯ ಮೇಲೆ ಹತ್ತಿ ಇಳಿಯದೆ ಹೊರಗೆ ಹೋಗಬಹುದು. ಒಂದು ಬದಿಯ ಜಗಲಿಯಲ್ಲಿ ಚೀಲ, ಚಪ್ಪಲಿ. ಇನ್ನೊಂದು ಬದಿಯ ಜಗಲಿ ನಾಯಿಯ ಕಾಲು ಒರೆಸಲಿಕ್ಕೆ. ಫ್ಲೈ ಒಳಗಿನ ಟೆಂಟಾದ ಇನ್ನರ್‌ಗಿಂತ ಮುಂದೆ ಚಾಚಿದ ಜಾಗಕ್ಕೆ ನಾನು ಜಗಲಿ ಎನ್ನುವುದು. ಪೋಲ್ ಅಲ್ಯೂಮಿನಿಯಂನದೇ ಇರಲಿ. ಫೈಬರ್‌ಗ್ಲಾಸ್ ಸೀಳಿದರೆ ಅದರ ಸಿಬಿರು ನಾಯಿಯ ಪಾದಕ್ಕೂ ಹೋಗುತ್ತದೆ, ನಮ್ಮ ಬೆರಳಿಗೂ.

ತಾನಾಗಿ ನಿಲ್ಲುವ ಟೆಂಟಿಗೂ ಗಾಳಿಗೆ ಹಗ್ಗ ಬೇಕು. ಮುರಕಲ್ಲಿನಲ್ಲಿ ಎರಡು ಉಪಾಯ. ಕಲ್ಲಿನ ತೂತು ಆಳವಿದ್ದರೆ 6 ಇಂಚಿನ ಕಬ್ಬಿಣದ ಮೊಳೆ, ಟೆಂಟಿಗೆ ವಿರುದ್ಧ ದಿಕ್ಕಿಗೆ ವಾಲಿಸಿ. ಒಂದೊಂದು 30-35 ಗ್ರಾಂ ತೂಗುತ್ತದೆ, ನಾಲ್ಕು ಸಾಕು. ತೂತು ಇಲ್ಲದಿದ್ದರೆ ಹಗ್ಗದ ಕುಣಿಕೆಯನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಹಾಕಿ, ಅದಕ್ಕೂ ಟೆಂಟಿಗೂ ನಡುವೆ ಹಗ್ಗದ ಮೇಲೆಯೇ ದೊಡ್ಡ ಕಲ್ಲು ಹೇರಿ. ಹಗ್ಗ ಎಳೆದಷ್ಟೂ ಸಣ್ಣ ಕಲ್ಲು ದೊಡ್ಡದಕ್ಕೆ ಒತ್ತಿ ನಿಲ್ಲುತ್ತದೆ. ಮುರಕಲ್ಲಿನ ಅಂಚು 2 ಮಿಲಿಮೀಟರ್ ಹಗ್ಗವನ್ನು ಒಂದೇ ರಾತ್ರಿಯಲ್ಲಿ ತಿಂದುಹಾಕಬಲ್ಲದು. ಕಲ್ಲಿಗೆ ತಾಗುವ ಕಡೆ ಹಳೆಯ ಸೈಕಲ್ ಟ್ಯೂಬಿನ ಒಂದು ಗೇಣು ತುಂಡು ತೊಡಿಸಿಬಿಡಿ. ನಾಯಿಯ ಹಗ್ಗವನ್ನು ಮಾತ್ರ ಟೆಂಟಿನ ಯಾವ ಭಾಗಕ್ಕೂ ಕಟ್ಟಬಾರದು. ಒಂದು ಜಿಗಿತಕ್ಕೆ ಪೋಲ್ ಮುರಿಯುತ್ತದೆ. ಮರಕ್ಕೋ ಬೇರೆ ಕಲ್ಲಿಗೋ ಕಟ್ಟಿ, ಒಳಗೆ ಬಂದ ಮೇಲೆ ಹಗ್ಗ, ಹಾರ್ನೆಸ್ ಎರಡನ್ನೂ ಬಿಚ್ಚಿ. ಹಾರ್ನೆಸ್ಸಿನ ಬಕಲ್ ಬಲೆಗೆ ಸಿಕ್ಕಿದರೆ ಬಲೆ ಹೋಯಿತು.

ಪೂರ್ತಿ ಬಲೆಯ ಇನ್ನರ್ ಸೆಕೆಗೆ ಹಿತ ನಿಜ, ಆದರೆ ಬಲೆಯಲ್ಲಿ ನಾಯಿಗೆ ಹೊರಗಿನದೆಲ್ಲ ಕಾಣುತ್ತದೆ. ಬೆಳಗ್ಗೆ ನವಿಲು ಕೂಗಿಕೊಂಡು ಎದುರಿನಲ್ಲೇ ನಡೆದರೆ ನಾಯಿಗೆ ಬಲೆ ಇದೆ ಎಂಬ ನೆನಪು ಇರುವುದಿಲ್ಲ. ಕೆಳಗಿನ 30-40 ಸೆಂಟಿಮೀಟರ್ ಬಟ್ಟೆ, ಅದರ ಮೇಲೆ ಬಲೆ ಇರುವಂಥದ್ದು ಒಳ್ಳೆಯದು: ಮಲಗಿದ ನಾಯಿಯ ಕಣ್ಣಿಗೆ ಮರೆ, ನಮ್ಮ ಮುಖಕ್ಕೆ ಗಾಳಿ. ಮುಳಿಹುಲ್ಲಿನ ಮೊನೆಗಳು ಬಲೆಗೆ ಚುಚ್ಚಿಕೊಳ್ಳುವುದೂ ಆಗ ಕಡಿಮೆ. ಝಿಪ್ 5ನೇ ನಂಬರಿನದಿರಲಿ. ಹಗುರ ಟೆಂಟುಗಳಲ್ಲಿ 3ನೇ ನಂಬರ್ ಹಾಕಿರುತ್ತಾರೆ, ಮಣ್ಣು ಸಿಕ್ಕಿದರೆ ಅದು ಬೇಗ ಹಲ್ಲು ಬಿಡುತ್ತದೆ. ಮುಚ್ಚಿದ ಮೇಲೆ ಎರಡು ಎಳೆಗಳನ್ನೂ ಸೇರಿಸಿ ಒಂದು ಸಣ್ಣ ಕೊಕ್ಕೆ. ಮೂತಿಯಿಂದ ಝಿಪ್ ತೆರೆಯುವುದನ್ನು ನಾಯಿಗಳು ಬೇಗ ಕಲಿಯುತ್ತವೆ.

ಒಂದೇ ಪದರದ ಟೆಂಟ್ ನಮ್ಮ ಹವೆಗೆ ಹೇಳಿದ್ದಲ್ಲ. ನಾಯಿ ಏದುಸಿರು ಬಿಡುತ್ತಾ ಮೈ ತಂಪು ಮಾಡಿಕೊಳ್ಳುತ್ತದೆ, ಆ ಹಬೆಯೆಲ್ಲ ಫ್ಲೈಯ ಒಳಮೈಗೆ ನೀರಾಗಿ ಕೂರುತ್ತದೆ. ಎದ್ದು ಮೈ ಕೊಡವಿದರೆ ನಿಮ್ಮ ಮೇಲೆ ಮಳೆ. ಎರಡು ಪದರವಿದ್ದರೆ ನೀರು ಫ್ಲೈಯಲ್ಲೇ ಇಳಿಯುತ್ತದೆ. ನೈಲಾನ್ ಫ್ಲೈ ಒದ್ದೆಯಾದಾಗ ಸಡಿಲಗೊಂಡು ಇನ್ನರ್‌ಗೆ ತಾಗುತ್ತದೆ, ಮಲಗುವ ಮೊದಲು ಮತ್ತೊಮ್ಮೆ ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್‌ಗೆ ಆ ಕಾಟ ಕಡಿಮೆ. ಇಬ್ಬನಿ ಬೀಳುವ ನಮ್ಮ ಗುಡ್ಡೆಗಳಿಗೆ ನಾನು ಪಾಲಿಯೆಸ್ಟರ್ ಕಡೆಗೇ ವಾಲುತ್ತೇನೆ.

ಇದೆಲ್ಲ ಸೇರಿದರೆ ಟೆಂಟ್ 2 ಕಿಲೋ, ಸಿಲ್ಪಾಲಿನ್ ಕಾಲು ಕಿಲೋ, ನಾಯಿಯ ಚಾಪೆ 200 ಗ್ರಾಂ, ಮೊಳೆ ಹಗ್ಗ 200 ಗ್ರಾಂ. ಎರಡೂಮುಕ್ಕಾಲು ಕಿಲೋದ ಒಳಗೆ ಮುಗಿಯುತ್ತದೆ. ನಿಜವಾದ ಭಾರ ನೀರಿನದು. ಜನವರಿಯ ನಂತರ ಪದವಿನ ಮೇಲೆ ತೊಟ್ಟು ನೀರಿರುವುದಿಲ್ಲ, ನೀರಿಗೆಂದು ಗುಡ್ಡೆ ಕೊರೆದ ಸುರಂಗವಿರುವ ಮನೆಗಳೆಲ್ಲ ಕೆಳಗೆ. ಸುಮ್ಮನಿರುವ ನಾಯಿಗೆ ದಿನಕ್ಕೆ ಕಿಲೋಗೆ 50-60 ಮಿಲಿಲೀಟರ್ ಲೆಕ್ಕ. 20 ಕಿಲೋದ್ದಕ್ಕೆ 1ರಿಂದ 1.2 ಲೀಟರ್, ಗುಡ್ಡೆ ಹತ್ತಿಸಿದರೆ ಅದರ ಎರಡು ಪಾಲು. ಕುಡಿಸಲು ಅಡಿಕೆ ಹಾಳೆಯ ಬಟ್ಟಲು ಒಯ್ಯಿರಿ. ತೂಕವಿಲ್ಲ, ಕಚ್ಚಿ ಹಾಳು ಮಾಡಿದರೂ ಬೇಸರವಿಲ್ಲ.

ಉಗುರನ್ನು ಹೊರಡುವ ಮೂರು ದಿನ ಮೊದಲು ಕತ್ತರಿಸಿ. ಅದೇ ದಿನ ಕತ್ತರಿಸಿದರೆ ಅಂಚು ಕತ್ತಿಯ ಹಾಗಿರುತ್ತದೆ, ಮೂರು ದಿನ ಅಂಗಳದಲ್ಲಿ ಓಡಾಡಿದರೆ ತಾನಾಗಿ ಮೊಂಡಾಗುತ್ತದೆ. ಆ ಮೂರು ಸಂಜೆ ಅಂಗಳದಲ್ಲೇ ಟೆಂಟ್ ಹಾಕಿ, ಊಟ ಒಳಗೆ ಕೊಟ್ಟು, ಝಿಪ್ಪಿನ ಸದ್ದಿಗೆ ಹೊಂದಿಸಿಕೊಳ್ಳಿ. ಮಲಗುವ ಮೊದಲು ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ ಹುಡುಕಿ ತೆಗೆಯುವುದು. ಬಿಸಿಲೇರಿದ ಮೇಲೆ ಮುಚ್ಚಿದ ಟೆಂಟಿನಲ್ಲಿ ನಾಯಿಯನ್ನು ಒಂದು ಗಳಿಗೆಯೂ ಬಿಡಬಾರದು.

ಇಷ್ಟಾದರೂ ತೂತು ಬೀಳುತ್ತದೆ. ಬೆಳಗ್ಗೆ ಇನ್ನರನ್ನು ಸೂರ್ಯನಿಗೆ ಹಿಡಿದರೆ ನಕ್ಷತ್ರದ ಹಾಗೆ ಕಾಣುತ್ತವೆ. ಸುತ್ತ ಪೆನ್ನಿನಲ್ಲಿ ಗುರುತು ಹಾಕಿ. ಮನೆಗೆ ಬಂದ ಮೇಲೆ ಟೆಂಟಿನ ತಳದ ಮೂಲೆಗೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿ ನೋಡಿ. ಗಟ್ಟಿಯಾಗಿ ಹಿಡಿದರೆ ಅದು ಪಿಯು (ಪಾಲಿಯುರೆಥೇನ್) ಲೇಪ: ಸ್ಪಿರಿಟಿನಲ್ಲಿ ಒರೆಸಿ, ರಿಪೇರಿ ಟೇಪನ್ನು ಮೂಲೆ ದುಂಡಗೆ ಕತ್ತರಿಸಿ ಎರಡೂ ಬದಿಗೆ ಒತ್ತಿ. ಟೇಪ್ ಸುಮ್ಮನೆ ಕಳಚಿ ಬಂದರೆ ಸಿಲಿಕೋನ್: ಅದಕ್ಕೆ ಸಾಮಾನ್ಯ ಟೇಪ್ ನಿಲ್ಲದು, ಪಾರದರ್ಶಕ ಸಿಲಿಕೋನ್ ಸೀಲಂಟಿಗೆ ಬಣ್ಣದಂಗಡಿಯ ಟರ್ಪೆಂಟೈನ್ ಬೆರೆಸಿ ಜೇನಿನ ಹದಕ್ಕೆ ತಂದು ಬ್ರಷ್‌ನಲ್ಲಿ ಹಚ್ಚಬೇಕು, 24 ಗಂಟೆ ಒಣಗಬೇಕು.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಟೆಂಟ್ ಹೆಚ್ಚಾಗಿ ಹಾಳಾಗುವುದು ಗುಡ್ಡೆಯಲ್ಲಲ್ಲ, ಅಟ್ಟದಲ್ಲಿ. ಪಿಯು ಲೇಪ ತೇವ ಹೀರಿ ಅಂಟಂಟಾಗಿ, ಹುಳಿ ವಾಸನೆ ಹೊಡೆದು, ಪದರ ಪದರವಾಗಿ ಎದ್ದು ಬರುತ್ತದೆ. ಹಾಗಾದ ಮೇಲೆ ಅದು ಕಟ್ಟಿಗೆ ಮುಚ್ಚಲಿಕ್ಕೂ ಆಗುವುದಿಲ್ಲ. ತಿರುಗಾಟ ಮುಗಿದ ಕೂಡಲೆ ಬರೀ ನೀರಿನಲ್ಲಿ, ನಾಯಿ ಒದ್ದೆ ಮಾಡಿದ ಜಾಗವನ್ನು ಸೌಮ್ಯ ಸಾಬೂನಿನಲ್ಲಿ ತೊಳೆದು, ನೆರಳಿನಲ್ಲಿ ಎರಡು ದಿನ ಒಣಗಿಸಿ. ಅದರ ಸಣ್ಣ ಚೀಲಕ್ಕೆ ತುರುಕದೆ ಹತ್ತಿಯ ದಿಂಬಿನ ಕವರಿನಲ್ಲಿ ಸಡಿಲಾಗಿ ತುಂಬಿ, ತಂಪಾದ ಒಣ ಜಾಗದಲ್ಲಿ ತೂಗುಹಾಕಿ. ಜುಲೈಯಲ್ಲಿ ಒಮ್ಮೆ ಬಿಸಿಲು ಕಂಡ ದಿನ ಹೊರಗೆ ತೆಗೆದು ಕೊಡವಿ, ಮತ್ತೆ ಅಲ್ಲೇ.